ನೆಲಮಾಳಿಗೆಯ ಜೇಡಗಳು: ಪೊರಕೆ, ವ್ಯಾಕ್ಯೂಮ್, ಸ್ಪ್ರೇ, ಅಂಟುಹಲಗೆ – ನಾಲ್ಕು ಗೋಡೆಗಳ ಹೋಲಿಕೆ

ನೆಲಮಾಳಿಗೆಯ ಜೇಡಗಳನ್ನು ಹತೋಟಿಯಲ್ಲಿಡಲು ಯಾವ ವಿಧಾನ ಮೇಲು ಎಂದು ಕೇಳಿದರೆ, ಪೊರಕೆಯೊಂದೇ ಸಾಕು ಎನ್ನುವವರೂ ಇದ್ದಾರೆ, ಔಷಧಿ ಹೊಡೆಯದೆ ಅವು ತೊಲಗುವುದಿಲ್ಲ ಎನ್ನುವವರೂ ಇದ್ದಾರೆ. ಕೇಳಿದ ಮಾತುಗಳನ್ನು ನೆಚ್ಚುವುದಕ್ಕಿಂತ ಮಾಡಿ ನೋಡುವುದು ವಾಸಿ ಎನಿಸಿ, ನಮ್ಮ ನೆಲಮಾಳಿಗೆಯ ನಾಲ್ಕು ಗೋಡೆಗಳಿಗೆ ನಾಲ್ಕು ವಿಧಾನಗಳನ್ನು ಗೊತ್ತುಮಾಡಿದೆ. ಒಂದಕ್ಕೆ ಉದ್ದ ಹಿಡಿಯ ಪೊರಕೆ, ಇನ್ನೊಂದಕ್ಕೆ ವ್ಯಾಕ್ಯೂಮ್ ಕ್ಲೀನರ್, ಮೂರನೆಯದಕ್ಕೆ ಕೀಟನಾಶಕದ ಸ್ಪ್ರೇ, ನಾಲ್ಕನೆಯದರ ಬುಡಕ್ಕೆ ಅಂಟುಹಲಗೆ. ಮೂರು ತಿಂಗಳ ಕಾಲ ವಾರಕ್ಕೊಮ್ಮೆ ಟಾರ್ಚ್ ಹಿಡಿದು ಬಲೆಗಳನ್ನು ಎಣಿಸಿ ಬರೆದಿಟ್ಟುಕೊಂಡೆ. ತೇವ ಹೀರುವ ಯಂತ್ರವಾದ ಡಿಹ್ಯೂಮಿಡಿಫೈಯರನ್ನು ಆ ಮೂರು ತಿಂಗಳು ಮುಗಿದ ಮೇಲಷ್ಟೇ ಓಡಿಸಿದೆ, ಏಕೆಂದರೆ ಅದರ ಪರಿಣಾಮ ಒಂದು ಗೋಡೆಗೆ ಸೀಮಿತವಾಗುವಂಥದ್ದಲ್ಲ.

ಆದರೆ ವಿಧಾನಕ್ಕೂ ಮೊದಲು ಜೇಡ ಯಾವುದೆಂದು ತಿಳಿಯಬೇಕು. ಬಲೆ ಕಟ್ಟಿ ಒಂದೆಡೆ ಕೂರುವ ಜೇಡಕ್ಕೆ ಒದಗುವ ಉಪಾಯವು ನೆಲದ ಮೇಲೆ ಓಡಾಡಿ ಬೇಟೆಯಾಡುವ ಜೇಡಕ್ಕೆ ಒದಗುವುದಿಲ್ಲ.

ನಮ್ಮಲ್ಲಿ ಅತಿ ಹೆಚ್ಚಾಗಿದ್ದದ್ದು ಉದ್ದಕಾಲಿನ ಜೇಡ, ಫಾಲ್ಕಸ್ ಕುಲದ್ದು. ಮೈಯ ಉದ್ದ ಸುಮಾರು 8 ಮಿಲಿಮೀಟರ್ ಇದ್ದರೆ ಕೂದಲೆಳೆಯಂತಹ ಕಾಲುಗಳು ಅದರ ಐದಾರು ಪಟ್ಟು ಉದ್ದವಿರುತ್ತವೆ. ಅಚ್ಚುಕಟ್ಟಿಲ್ಲದ ಸಡಿಲ ಬಲೆಯಲ್ಲಿ ತಲೆಕೆಳಗಾಗಿ ತೂಗಾಡುವ ಇದು, ಬೆರಳು ತಾಗಿಸಿದೊಡನೆ ಮೈ ಕಾಣದಷ್ಟು ವೇಗವಾಗಿ ಗಿರಗಿರನೆ ತಿರುಗತೊಡಗುತ್ತದೆ. ಈ ಗುರುತೊಂದೇ ಸಾಕು, ಬೇರೆ ಜೇಡವೆಂದು ತಪ್ಪು ತಿಳಿಯುವಂತಿಲ್ಲ. ಒಮ್ಮೆ ನೀರಿನ ಪೈಪಿನ ಹಿಂದೆ ಟಾರ್ಚ್ ಬಿಟ್ಟು ನೋಡಿದಾಗ, ಒಂದು ಹೆಣ್ಣು ಜೇಡ ತನ್ನ ಮೊಟ್ಟೆಗಳನ್ನು ಬಾಯಲ್ಲಿಯೇ ಕಚ್ಚಿಕೊಂಡು ನಿಂತಿತ್ತು. ನಾಲ್ಕಾರು ಎಳೆಗಳಷ್ಟೇ ಸುತ್ತಿದ್ದರಿಂದ ಮೊಟ್ಟೆಗಳು ಮಾಸಲು ಮಣಿಗಳ ಗೊಂಚಲಿನಂತೆ ಒಂದೊಂದಾಗಿ ಎದ್ದು ಕಾಣುತ್ತಿದ್ದವು. ಮರಿಯಾಗುವವರೆಗೂ ಅದು ಅವನ್ನು ಹೀಗೆಯೇ ಹೊತ್ತಿರುತ್ತದೆ. ಈ ಜೇಡದ ಬಲೆ ಅಂಟುವುದಿಲ್ಲ. ಹಳೆಯದನ್ನು ಕಿತ್ತುಹಾಕದೆ ಪಕ್ಕದಲ್ಲೇ ಹೊಸದನ್ನು ಹೆಣೆಯುವುದರಿಂದ ಧೂಳು ಕೂತ ಬಲೆಗಳು ಪದರಪದರವಾಗಿ ಜೋತುಬೀಳುತ್ತವೆ. ಆದ್ದರಿಂದ ಬಲೆಗಳ ಸಂಖ್ಯೆ ನೋಡಿ ಜೇಡಗಳ ಸಂಖ್ಯೆಯನ್ನು ಅಂದಾಜು ಮಾಡಬಾರದು. ಹತ್ತು ಬಲೆಗಳಿರುವಲ್ಲಿ ಎರಡೇ ಜೇಡಗಳಿರಬಹುದು.

ಎರಡನೆಯದು ದುಂಡು ಹೊಟ್ಟೆಯ, ಕಂದು ಮಚ್ಚೆಗಳ ಸಾಮಾನ್ಯ ಮನೆಜೇಡ. ಇದರ ಬಲೆ ಗೋಜಲು ಗೋಜಲಾಗಿರುತ್ತದೆ, ಎಳೆಗಳು ಅಂಟುತ್ತವೆ, ನಡುವೆ ಒಣಗಿದ ಕಾಗದದಂತಹ ಹೊದಿಕೆಯ, ಹನಿಯಾಕಾರದ ಕಂದು ಮೊಟ್ಟೆಚೀಲಗಳು ನೇತಾಡುತ್ತವೆ. ಒಂದೊಂದು ಚೀಲದಲ್ಲಿ ನೂರಾರು ಮೊಟ್ಟೆಗಳಿರುವುದರಿಂದ, ಜೇಡ ಸತ್ತು ಚೀಲ ಉಳಿದರೆ ಶ್ರಮ ವ್ಯರ್ಥವಾದಂತೆಯೇ. ಮೂಲೆಯಲ್ಲಿ ಹಾಳೆಯಂತೆ ಹರಡಿ ಹಿಂಬದಿಗೆ ಕೊಳವೆಯಾಗಿ ಮುಗಿಯುವ ಬಲೆಯಿದ್ದರೆ ಅದು ಆಲಿಕೆಬಲೆಯ ಜೇಡದ್ದು. ಇನ್ನು ಬಲೆಯನ್ನೇ ಕಟ್ಟದೆ ನೆಲದಲ್ಲಿ ಓಡುವುದು, ಮೊಟ್ಟೆಚೀಲವನ್ನು ಹಿಂಭಾಗಕ್ಕೆ ಅಂಟಿಸಿಕೊಂಡು ತಿರುಗುವುದು ತೋಳಜೇಡ. ಟಾರ್ಚ್ ಬೆಳಕಿಗೆ ಅದರ ಕಣ್ಣುಗಳು ಮಿನುಗುತ್ತವೆ.

ಇವುಗಳಲ್ಲಿ ಯಾವುದೂ ಮನುಷ್ಯನಿಗೆ ಗಂಭೀರ ಅಪಾಯ ಮಾಡುವಂಥದ್ದಲ್ಲ. ಎಚ್ಚರ ವಹಿಸಬೇಕಾದ ಜೇಡಗಳ ಗುರುತುಗಳನ್ನು ಮಾತ್ರ ಎಲ್ಲರೂ ತಿಳಿದಿರಬೇಕು. ವಿಡೋ ಜೇಡಗಳ ಹೊಟ್ಟೆಯ ಅಡಿಭಾಗದಲ್ಲಿ ಸಾಮಾನ್ಯವಾಗಿ ಮರಳುಗಡಿಯಾರದ ಆಕಾರದ ಕೆಂಪು ಅಥವಾ ಕಿತ್ತಳೆ ಮಚ್ಚೆ ಇರುತ್ತದೆ. ಅವುಗಳಲ್ಲಿ ಕಂದು ವಿಡೋದ ಮೊಟ್ಟೆಚೀಲ ಮೈತುಂಬ ಮುಳ್ಳುಗಳಿರುವ ಪುಟ್ಟ ಗೋಲಿಯಂತಿರುತ್ತದೆ. ರಿಕ್ಲೂಸ್ ಜೇಡಕ್ಕೆ ಬಹುತೇಕ ಜೇಡಗಳಂತೆ ಎಂಟು ಕಣ್ಣುಗಳಿಲ್ಲ, ಜೋಡಿಜೋಡಿಯಾಗಿ ಆರೇ ಇರುತ್ತವೆ. ಬೆನ್ನಿನ ಮೇಲಿನ ಪಿಟೀಲಿನಂತಹ ಗುರುತನ್ನಷ್ಟೇ ನಂಬಿದರೆ ಮೋಸಹೋಗುವ ಸಂಭವವಿದೆ, ಏಕೆಂದರೆ ಉದ್ದಕಾಲಿನ ಜೇಡಗಳಿಗೂ ಕೆಲವೊಮ್ಮೆ ಅಲ್ಲಿಯೇ ಕಪ್ಪು ಛಾಯೆ ಇರುತ್ತದೆ. ಇಂಥವು ಕಂಡಲ್ಲಿ ಬರಿಗೈ ಹಾಕಬಾರದು. ಕತ್ತಲಲ್ಲಿ ಬಹುಕಾಲ ಇಟ್ಟ ಪೆಟ್ಟಿಗೆಗಳನ್ನು ಎತ್ತುವಾಗ ದಪ್ಪ ಕೈಗವಸು ತೊಡುವುದನ್ನು ನಾನಂತೂ ರೂಢಿ ಮಾಡಿಕೊಂಡಿದ್ದೇನೆ.

ಈಗ ಗೋಡೆಗಳ ಮಾತು. ಪೊರಕೆಯೂ ವ್ಯಾಕ್ಯೂಮ್ ಕ್ಲೀನರೂ ಮಾಡುವ ಕೆಲಸ ಒಂದೇ ಎಂದು ಮೊದಲು ಭಾವಿಸಿದ್ದೆ, ಆದರೆ ವ್ಯತ್ಯಾಸ ಎರಡನೆಯ ವಾರವೇ ಕಾಣಿಸಿತು. ಪೊರಕೆ ತಾಗುತ್ತಲೇ ಉದ್ದಕಾಲಿನ ಜೇಡ ಕೆಳಗೆ ಬಿದ್ದು ಗೋಡೆಯ ಬುಡದ ಸಾಮಾನುಗಳೊಳಗೆ ನುಸುಳುತ್ತಿತ್ತು, ರಾತ್ರಿ ಮತ್ತೆ ಮೇಲೇರಿ ಅದೇ ಮೂಲೆಯಲ್ಲಿ ಬಲೆ ಹೆಣೆಯುತ್ತಿತ್ತು. ಮನೆಜೇಡದ ಅಂಟುಬಲೆಯಂತೂ ಪೊರಕೆಯ ಕಡ್ಡಿಗಳಿಗೆ ಸುತ್ತಿಕೊಂಡು, ಒರಟು ಸಿಮೆಂಟಿನ ಮೇಲೆ ಧೂಳಿನ ಗೆರೆ ಬಿಡಿಸಿ, ಮೊಟ್ಟೆಚೀಲವನ್ನು ಎಲ್ಲೋ ಉದುರಿಸುತ್ತಿತ್ತು. ವ್ಯಾಕ್ಯೂಮ್‌ನಲ್ಲಿ ಬಲೆ, ಜೇಡ, ಮೊಟ್ಟೆಚೀಲ ಮೂರೂ ಒಟ್ಟಿಗೆ ಒಳಸೇರುತ್ತವೆ. ಸಂದು ತಲುಪುವ ಸಪೂರ ಮೂತಿಯನ್ನು ಹಾಕಿಕೊಂಡು ಮೊದಲು ಜೇಡವನ್ನು, ಆಮೇಲೆ ಬಲೆಯನ್ನು ಎಳೆದುಕೊಳ್ಳಬೇಕು. ಬಲೆಯನ್ನು ಮೊದಲು ಮುಟ್ಟಿದರೆ ಅದರ ಕಂಪನದಿಂದಲೇ ಜೇಡ ಎಚ್ಚೆತ್ತು ಓಡುತ್ತದೆ. ಕೆಲಸ ಮುಗಿದೊಡನೆ ಚೀಲವನ್ನು ಹೊರಗೆ ಖಾಲಿ ಮಾಡುವುದನ್ನು ಮರೆಯಬಾರದು. ಮೂರು ತಿಂಗಳ ಕೊನೆಗೆ ಹೊಸ ಬಲೆಗಳು ಅತಿ ಕಡಿಮೆ ಇದ್ದ ಗೋಡೆ ಇದೇ.

ಸ್ಪ್ರೇ ಹೊಡೆದ ಗೋಡೆ ನಾಲ್ಕರಲ್ಲೂ ಒಣಗಿದ್ದಾಗಿತ್ತು, ಅಂದರೆ ಪರೀಕ್ಷೆ ಸ್ಪ್ರೇಗೆ ಅನುಕೂಲವಾಗಿಯೇ ನಡೆಯಿತೆನ್ನಬೇಕು. ಆದರೂ ಅದು ಪೊರಕೆಗಿಂತ ಹೆಚ್ಚೇನೂ ಸಾಧಿಸಲಿಲ್ಲ. ನೇರವಾಗಿ ತಗುಲಿದ ಜೇಡಗಳು ಸತ್ತವು, ತಗುಲದವು ಉಳಿದವು. ಕಾರಣ ಜೇಡದ ನಡಿಗೆಯಲ್ಲಿದೆ. ಜಿರಲೆ ಹೊಟ್ಟೆಯನ್ನು ನೆಲಕ್ಕೆ ಹತ್ತಿಸಿಕೊಂಡು ಹರಿದಾಡುತ್ತದೆ, ಮೀಸೆ ಕಾಲುಗಳನ್ನು ಬಾಯಿಂದ ಎಳೆದು ಶುಚಿಮಾಡಿಕೊಳ್ಳುತ್ತದೆ, ಹಾಗಾಗಿ ನೆಲದಲ್ಲಿ ಒಣಗಿದ ವಿಷ ಅದರ ಒಡಲು ಸೇರುತ್ತದೆ. ಜೇಡವಾದರೋ ಕಾಲ್ತುದಿಗಳ ಮೇಲೆ ನಿಂತು ನಡೆಯುತ್ತದೆ, ಬಲೆಯ ಜೇಡ ಗೋಡೆಯನ್ನು ತುಳಿಯುವುದೇ ಅಪರೂಪ. ಬಣ್ಣ ಕಾಣದ ಸಿಮೆಂಟು ಔಷಧಿಯನ್ನು ಹೀರಿಕೊಳ್ಳುವುದರಿಂದ ಮೇಲ್ಮೈಯಲ್ಲಿ ಉಳಿಯುವುದೂ ಸ್ವಲ್ಪವೇ. ಗಾಳಿಯಾಡದ ಕೋಣೆಯಲ್ಲಿ ಆ ವಾಸನೆಯನ್ನು ಉಸಿರಾಡಬೇಕು, ಪರ್ಮೆಥ್ರಿನ್ ಇರುವ ಔಷಧಿ ಬೆಕ್ಕುಗಳಿಗೆ ತೀರ ವಿಷಕಾರಿ. ಇಷ್ಟೆಲ್ಲ ಕಂಡ ಮೇಲೆ ಬಲೆಯ ಜೇಡಗಳಿಗೆ ಸ್ಪ್ರೇ ಸಲ್ಲದು ಎಂಬುದೇ ನನ್ನ ಖಚಿತ ಅಭಿಪ್ರಾಯ.

ಒಂದು ಮೂಲೆಯಲ್ಲಿ ಪೆಪ್ಪರ್‌ಮಿಂಟ್ ಎಣ್ಣೆಯ ಹತ್ತಿಯನ್ನೂ ಇಟ್ಟಿದ್ದೆ. ಘಮ ಇರುವ ಎರಡು ಮೂರು ದಿನ ಅಲ್ಲಿ ಹೊಸ ಬಲೆ ಕಾಣಲಿಲ್ಲ, ಘಮ ಆರಿದ ಮೇಲೆ ಕಾಣಿಸಿತು.

ಅಂಟುಹಲಗೆಯ ಫಲಿತಾಂಶ ಬೇರೆಯೇ ಬಗೆಯದು. ಬಲೆ ಬಿಟ್ಟಿಳಿಯದ ಜೇಡಗಳು ಅದಕ್ಕೆ ಸಿಗಲಿಲ್ಲ. ಸಿಕ್ಕಿದ್ದು ತೋಳಜೇಡಗಳು, ಹೆಣ್ಣನ್ನು ಅರಸಿ ಅಲೆಯುವ ಆಲಿಕೆಬಲೆಯ ಗಂಡು ಜೇಡಗಳು. ಓಡಾಡುವ ಜೇಡಗಳಿಗೆ ಅದಕ್ಕಿಂತ ಒಳ್ಳೆಯ ಸಾಧನವನ್ನು ನಾನು ಕಂಡಿಲ್ಲ. ಹಲಗೆಯನ್ನು ಗೋಡೆಗೆ ಒತ್ತರಿಸಿ ಇಡಬೇಕು, ಅವು ನಡೆಯುವುದು ಅಂಚು ಹಿಡಿದೇ. ಆದರೆ ಐದನೆಯ ವಾರ ಒಂದು ಹಲ್ಲಿಮರಿ ಅದಕ್ಕೆ ಅಂಟಿ ಒದ್ದಾಡುತ್ತಿದ್ದುದನ್ನು ಕಂಡು ನನಗೆ ಬಹಳ ನೋವಾಯಿತು. ಅಡುಗೆ ಎಣ್ಣೆಯನ್ನು ಹನಿಹನಿಯಾಗಿ ಬಿಟ್ಟು, ಅಂಟು ಸಡಿಲಿದಂತೆ ಒಂದೊಂದೇ ಕಾಲನ್ನು ಬಿಡಿಸಿದೆ. ಅಂದಿನಿಂದ ಹಲಗೆಗಳ ಮೇಲೆ ತಗ್ಗಾದ ರಟ್ಟಿನ ಮುಚ್ಚಳ ಕವುಚಿ, ದಿನವೂ ನೋಡುತ್ತೇನೆ.

ಅದೇ ಹಲಗೆಗಳು ಇನ್ನೊಂದು ವಿಷಯವನ್ನೂ ತೋರಿಸಿದವು. ತೇವದ ಗೋಡೆಯ ಬುಡದಲ್ಲಿದ್ದ ಹಲಗೆಯಲ್ಲಿ ಜೇಡಗಳಿಗಿಂತ ಹೆಚ್ಚಾಗಿ ಸಹಸ್ರಪದಿಗಳೂ ಮುಟ್ಟಿದರೆ ಉಂಡೆಯಾಗುವ ಬೂದು ಹುಳುಗಳೂ ಇದ್ದವು. ಅಲ್ಲಿನ ಬಲೆಗಳ ಕೆಳಗೆ ಬಗ್ಗಿ ನೋಡಿದರೆ ಅದೇ ಹುಳುಗಳ ಒಳಗು ಬರಿದಾದ ಚಿಪ್ಪುಗಳು ಚೆಲ್ಲಿದ್ದವು. ಜೇಡಗಳಿಗೆ ಅಲ್ಲಿ ಊಟ ಸಿಗುತ್ತಿತ್ತು, ಆ ಊಟವನ್ನು ಸಾಕುತ್ತಿದ್ದುದು ತೇವ. ಹಾಗಾಗಿ ನಾಲ್ಕನೆಯ ತಿಂಗಳಿಂದ ಡಿಹ್ಯೂಮಿಡಿಫೈಯರ್ ಓಡಿಸಿ ತೇವಾಂಶವನ್ನು ಶೇ. 50ರ ಆಸುಪಾಸಿಗೆ ಇಳಿಸಿದೆ, ಗೋಡೆಗೆ ಒರಗಿದ್ದ ರಟ್ಟಿನ ಪೆಟ್ಟಿಗೆಗಳ ಬದಲು ಮುಚ್ಚಳದ ಪ್ಲಾಸ್ಟಿಕ್ ಡಬ್ಬಗಳನ್ನಿಟ್ಟೆ, ಬಾಗಿಲಡಿಯ ಸಂದಿಗೆ ರಬ್ಬರ್ ಪಟ್ಟಿ ಹೊಡೆದೆ. ಪರಿಣಾಮ ಕಾಣಲು ಆರೇಳು ವಾರ ಹಿಡಿಯಿತು, ಆದರೆ ಆಮೇಲೆ ಪೊರಕೆಯ ಗೋಡೆಯಲ್ಲಿಯೂ ಬಲೆಗಳು ಇಳಿಮುಖವಾದವು. ಉಳಿದ ಯಾವ ವಿಧಾನವೂ ತನ್ನ ಗೋಡೆಯನ್ನು ದಾಟಿ ಕೆಲಸ ಮಾಡಿರಲಿಲ್ಲ.

ಈಗ ನಾನು ತಿಂಗಳಿಗೊಮ್ಮೆ ವ್ಯಾಕ್ಯೂಮ್ ಹಿಡಿಯುತ್ತೇನೆ, ಬಾಗಿಲ ಬಳಿ ಎರಡೇ ಅಂಟುಹಲಗೆಗಳನ್ನು ಉಳಿಸಿಕೊಂಡಿದ್ದೇನೆ. ನೀರಿನ ಪೈಪಿನ ಹಿಂದಿನ ಉದ್ದಕಾಲಿನ ಜೇಡವನ್ನು ಮಾತ್ರ ಬೇಕೆಂದೇ ಬಿಟ್ಟಿದ್ದೇನೆ. ಅದು ಬೇರೆ ಜೇಡಗಳನ್ನೂ ಹಿಡಿದು ತಿನ್ನುತ್ತದೆ, ಕಳೆದ ವಾರ ಅದರ ಬಲೆಯಲ್ಲಿ ತನಗಿಂತ ದಪ್ಪನಾದ ಒಂದು ಮನೆಜೇಡ ಬಿಳಿ ಎಳೆಗಳಲ್ಲಿ ಸುತ್ತಿಸಿಕೊಂಡು ನೇತಾಡುತ್ತಿತ್ತು.