ಮಾರುವವರು ಬರೆದುಕೊಟ್ಟ ಕೋಡ್ ನಂಬಿ ಹೆಣಿಗೆ ಬಟ್ಟೆ ತರಿಸಬೇಡಿ

ಹೊರದೇಶದಿಂದ ಹೆಣಿಗೆ ಬಟ್ಟೆ ತರಿಸುವವರು, ಅದರಲ್ಲೂ ಮೊದಲ ಸಲ ತರಿಸುವವರು, ದಯವಿಟ್ಟು ಇದನ್ನು ಪೂರ್ತಿ ಓದಿ. ನನ್ನ ಮಾಲು 19 ದಿನ ಬಂದರಿನಲ್ಲೇ ಬಿದ್ದಿತ್ತು. ಬಟ್ಟೆ ಕೆಟ್ಟಿರಲಿಲ್ಲ, ಕಾಗದಪತ್ರ ಕಳೆದಿರಲಿಲ್ಲ. ಅಂಗಿಯ ಕೆಳ ಅಂಚಿಗೆ ಎರಡು ಬೆರಳಗಲದ ರಿಬ್ ಪಟ್ಟಿ (ಹಿಗ್ಗಿ ಕುಗ್ಗುವ ಗೆರೆಗೆರೆ ಹೆಣಿಗೆ) ಇತ್ತು, ಅಷ್ಟೆ.

ನಾನು ತರಿಸಿದ್ದು ಗಂಡಸರ ಕಾಲರ್ ಟೀ ಶರ್ಟು. ಮಾರುವವರು ಇನ್‌ವಾಯ್ಸಿನಲ್ಲಿ ‘ಕಾಟನ್ ಟೀ ಶರ್ಟ್, 6109.10’ ಎಂದು ಬರೆದಿದ್ದರು. ಆ ಅಂಕಿಯೇ ಸುಂಕದ ಪಟ್ಟಿಯ ಕೋಡ್, ಯಾವ ಬಟ್ಟೆಗೆ ಎಷ್ಟು ಸುಂಕ ಎಂದು ಅದನ್ನು ನೋಡಿಯೇ ಲೆಕ್ಕ. ಎಲ್ಲರೂ ಟೀ ಶರ್ಟ್ ಅಂತಲೇ ಕರೆಯುವ ಬಟ್ಟೆ ಅಲ್ವಾ, ನಾನೂ ಒಪ್ಪಿಕೊಂಡೆ. ನನ್ನ ಏಜೆಂಟ್ ಅದನ್ನೇ ನೋಡಿ ಕಸ್ಟಮ್ಸ್‌ಗೆ ಕೊಡುವ ಡಿಕ್ಲರೇಷನ್ ತುಂಬಿಸಿದರು. ನಮ್ಮಿಬ್ಬರಲ್ಲಿ ಯಾರೂ ಬಂದ ಮಾಲನ್ನು ಕೈಯಲ್ಲಿ ಹಿಡಿದು ನೋಡಲಿಲ್ಲ.

ತಪಾಸಣೆಯ ದಿನ ಅಧಿಕಾರಿ ಒಂದು ಪೀಸ್ ಬಿಚ್ಚಿ ಮೇಜಿನ ಮೇಲೆ ಹರಡಿದರು. ಮೊದಲು ಕಾಲರ್ ಮುಟ್ಟಿದರು. ಆಮೇಲೆ ಕೆಳ ಅಂಚನ್ನು ಎರಡೂ ಕೈಯಲ್ಲಿ ಹಿಡಿದು ಎಳೆದು ಬಿಟ್ಟರು. ರಿಬ್ ಹಿಗ್ಗಿ ಮತ್ತೆ ಕುಗ್ಗಿತು. ‘ಇದು 6109ಕ್ಕೆ ಬರಲ್ಲ’ ಅಂದರು. ಅವರು ಹೇಳಿದ್ದು ಸರಿಯೇ ಇತ್ತು.

ಸುಂಕದ ಪಟ್ಟಿಯಲ್ಲಿ ಹೆಣಿಗೆ ಉಡುಪು 61ನೇ ಅಧ್ಯಾಯ, ನೇಯ್ಗೆಯದು 62. ಕೋಡಿನ ಮೊದಲ ಆರು ಅಂಕಿ ಬಹುತೇಕ ಎಲ್ಲ ದೇಶಕ್ಕೂ ಒಂದೇ, ಅದರ ಮುಂದಿನದು ಆಯಾ ದೇಶದ್ದು. ಬಹಳ ಜನ ಇಲ್ಲಿಗೆ ನಿಲ್ಲುತ್ತಾರೆ, ನಾನೂ ನಿಂತಿದ್ದೆ. ನಿಜವಾದ ನಿಯಮ ಇರುವುದು ಅಧ್ಯಾಯದ ಶುರುವಿನ ಟಿಪ್ಪಣಿಗಳಲ್ಲಿ. ಕೆಳ ಅಂಚಿನಲ್ಲಿ ರಿಬ್, ಲಾಡಿ, ಬಿಗಿಮಾಡುವ ಬೇರೆ ಯಾವುದೇ ವ್ಯವಸ್ಥೆ ಇದ್ದರೆ ಅದು 6109 ಅಲ್ಲ ಎಂದು ಅಲ್ಲಿ ಸ್ಪಷ್ಟವಾಗಿ ಬರೆದಿದೆ. ಹಾಗಾದರೆ ಕಾಲರ್ ಇದೆಯಲ್ಲ, ಗಂಡಸರ ಶರ್ಟಿನ 6105ಕ್ಕೆ ಹೋಗಲಿ ಅಂದರೆ ಅಲ್ಲೂ ರಿಬ್ ಅಡ್ಡ ಬರುತ್ತದೆ. ಸೊಂಟದ ಕೆಳಗೆ ಜೇಬಿದ್ದರೂ ಅಷ್ಟೆ. ಕೊನೆಗೆ ನನ್ನ ಟೀ ಶರ್ಟು ಸ್ವೆಟರ್, ಪುಲ್‌ಓವರ್‌ಗಳ ಜೊತೆ 6110ರಲ್ಲಿ ಹೋಗಿ ಕೂತಿತು.

6105ಕ್ಕೂ ಹೆಂಗಸರ ಶರ್ಟಿನ 6106ಕ್ಕೂ ಕುಣಿಕೆ (ಹೆಣಿಗೆಯಲ್ಲಿ ನೂಲಿನ ಒಂದೊಂದು ಸುತ್ತು) ಲೆಕ್ಕವೂ ಇದೆ. ಬಟ್ಟೆಯ ಮೇಲೆ ಕನಿಷ್ಠ 10 ಸೆಂಟಿಮೀಟರ್ ಉದ್ದಗಲದ ಚೌಕದಲ್ಲಿ ಎಣಿಸಬೇಕು. ಉದ್ದಕ್ಕೂ ಅಡ್ಡಕ್ಕೂ ಸೆಂಟಿಮೀಟರಿಗೆ ಸರಾಸರಿ 10 ಕುಣಿಕೆಗಿಂತ ಕಡಿಮೆ ಬಂದರೆ ಆ ಎರಡು ಕೋಡಿನಲ್ಲಿ ಜಾಗವಿಲ್ಲ. ದಪ್ಪ ನೂಲಿನ ಬಟ್ಟೆ ತರಿಸುವವರು ಇದನ್ನು ಮರೆಯಬೇಡಿ. ನಾನು ಈಗ ರಟ್ಟಿನಲ್ಲಿ ಆ ಅಳತೆಯ ಕಿಂಡಿ ಕತ್ತರಿಸಿ ಇಟ್ಟುಕೊಂಡಿದ್ದೇನೆ. ಸ್ಯಾಂಪಲ್ ಮೇಲಿಟ್ಟು, ಭೂತಗನ್ನಡಿ ಹಿಡಿದು, ಸೂಜಿಯ ತುದಿಯಲ್ಲಿ ಎಣಿಸುತ್ತೇನೆ. ಕಣ್ಣು ನೋಯುತ್ತದೆ, ಆದರೂ ಎಣಿಸಿ.

ಎರಡನೇ ಪೆಟ್ಟು ನೂಲಿನದು. ನನಗೆ ಬಂದ ಸ್ಯಾಂಪಲ್ ಪೂರ್ತಿ ಹತ್ತಿ. ಬಂದ ಮಾಲಿನ ಪಕ್ಕದ ಹೊಲಿಗೆಯಲ್ಲಿದ್ದ ಲೇಬಲ್ ತಿರುವಿ ನೋಡಿದರೆ 60 ಪಾಲಿಯೆಸ್ಟರ್, 40 ಕಾಟನ್! ತೂಕದಲ್ಲಿ ಯಾವ ನಾರು ಜಾಸ್ತಿಯೋ ಆ ನಾರಿನ ಬಟ್ಟೆ ಎಂದೇ ಲೆಕ್ಕ. ಹಾಗಾಗಿ ಹತ್ತಿಯ 6110.20 ಕೂಡ ಹೋಗಿ 6110.30 ಆಯಿತು. ಎರಡೂ ಸರಿಸಮ ಇದ್ದರೆ ಪಟ್ಟಿಯಲ್ಲಿ ಕೊನೆಗೆ ಬರುವುದಕ್ಕೆ ಸೇರಿಸುತ್ತಾರೆ, ಅಂದರೆ 50:50 ಇದ್ದರೂ ಪಾಲಿಯೆಸ್ಟರ್ ಕಡೆಗೇ. ನನಗೆ ಸುಂಕದ ವ್ಯತ್ಯಾಸ, ದಂಡ, ಲ್ಯಾಬ್ ಪರೀಕ್ಷೆ, ಮಾಲು ಬಂದರಿನಲ್ಲಿ ಬಿದ್ದಿದ್ದ ಅಷ್ಟೂ ದಿನಕ್ಕೆ ಕಟ್ಟಬೇಕಾದ ಡೆಮರೇಜ್ ಎಲ್ಲ ಸೇರಿ ಲಾಭ ಪೂರ್ತಿ ಹೋಯಿತು. ಮಾಲು ಕೈಗೆ ಬರುವಷ್ಟರಲ್ಲಿ ಸೀಸನ್ ಮುಗಿದಿತ್ತು. ಫೋನ್ ಮಾಡಿ ಕೇಳಿದರೆ ಮಾರುವವರು, ‘ಆ ಕೋಡ್ ನಮ್ಮ ರಫ್ತಿನ ಕಾಗದಕ್ಕೆ ಹಾಕಿದ್ದು’ ಅಂದುಬಿಟ್ಟರು. ಡಿಕ್ಲರೇಷನ್ ಮೇಲೆ ಇದ್ದದ್ದು ನನ್ನ ಹೆಸರು. ಬೇರೆಯವರನ್ನು ತೋರಿಸಿ ತಪ್ಪಿಸಿಕೊಳ್ಳಲು ದಾರಿ ಇರಲಿಲ್ಲ.

ಬೇರೆ ಬಟ್ಟೆ ತರಿಸುವವರಿಗೂ ಒಂದೆರಡು ಮಾತು. ಮಕ್ಕಳ ಬಟ್ಟೆ ಎಲ್ಲವೂ 6111 ಅಲ್ಲ, 86 ಸೆಂಟಿಮೀಟರ್ ಎತ್ತರದವರೆಗಿನ ಮಗುವಿನದು ಮಾತ್ರ. ಮುಂದೆ ತೆರೆಯುವ ಉಡುಪಿನಲ್ಲಿ ಎಡಪಟ್ಟಿ ಬಲದ ಮೇಲೆ ಬಂದರೆ ಗಂಡಸರದು, ಬಲಪಟ್ಟಿ ಎಡದ ಮೇಲೆ ಬಂದರೆ ಹೆಂಗಸರದು. ಯಾರದೆಂದು ಗೊತ್ತಾಗದಿದ್ದರೆ ಹೆಂಗಸರದಕ್ಕೇ ಹೋಗುತ್ತದೆ. ಬ್ರಾ ಹೆಣಿಗೆಯದೇ ಆದರೂ 6212, ಅಂದರೆ 62ನೇ ಅಧ್ಯಾಯ.

ನಾನು ಆಗಲೇ ಮಾಡಬೇಕಾಗಿದ್ದ ಕೆಲಸ ಒಂದಿತ್ತು. ಮಾಲು ತರಿಸುವ ಮೊದಲೇ ಕಸ್ಟಮ್ಸ್‌ನಿಂದ ಲಿಖಿತವಾಗಿ ಮುಂಗಡ ತೀರ್ಪು ಪಡೆಯಬಹುದು. ವಿಶ್ವ ವ್ಯಾಪಾರ ಸಂಸ್ಥೆಯ ವ್ಯಾಪಾರ ಸುಗಮ ಒಪ್ಪಂದ 2017ರಲ್ಲಿ ಜಾರಿಗೆ ಬಂತು, ವರ್ಗೀಕರಣಕ್ಕೆ ಇಂಥ ತೀರ್ಪು ಕೊಡುವ ವ್ಯವಸ್ಥೆ ಅದರಲ್ಲೇ ಇದೆ. ಅರ್ಜಿಯಲ್ಲಿ ನೂಲಿನ ಪಾಲು, ಕುಣಿಕೆ ಲೆಕ್ಕ, ಕೆಳ ಅಂಚಿನ ಫೋಟೋ ಎಲ್ಲ ಕೊಡಿ. ಸ್ಯಾಂಪಲ್ ಹೇಗಿದೆಯೋ ಮಾಲೂ ಹಾಗೇ ಇರಬೇಕು ಎಂದು ಮಾರುವವರಿಂದ ಬರೆಸಿಕೊಳ್ಳಿ. ತೀರ್ಪು ಕೈಗೆ ಬರುವವರೆಗೆ ಅಡ್ವಾನ್ಸ್ ಕಳಿಸಬೇಡಿ.