ವಿಮಾನ ನಿಲ್ದಾಣದ ಕಾಮಗಾರಿ, ನಡುವೆ ಏರುವ ಖರ್ಚು ಮತ್ತು ಮಡಿಕೇರಿಯ ಒಂದು ಸಲಹಾ ಕಚೇರಿ

ಮಡಿಕೇರಿಯಲ್ಲಿ ಕೆಲವೇ ಮಂದಿ ಸೇರಿ ನಡೆಸುತ್ತಿರುವ ಒಂದು ಸಲಹಾ ಕಚೇರಿಯಿದೆ. ಸಿವಿಲ್ ಗುತ್ತಿಗೆದಾರರ ಪರವಾಗಿ ಕಾಮಗಾರಿಯ ಪ್ರಮಾಣ ಅಳೆಯುವುದು, ದರ ವಿಶ್ಲೇಷಣೆ ತಯಾರಿಸುವುದು, ಟೆಂಡರ್ ಹಾಕುವಾಗ ಯಾರ ಲೆಕ್ಕದಲ್ಲೂ ಇರದಿದ್ದ ಖರ್ಚು ಕೆಲಸದ ನಡುವೆ ಎದುರಾದರೆ ಅದಕ್ಕೆ ಸರಿಯಾದ ದಾಖಲೆ ಕಟ್ಟಿಕೊಡುವುದು ಅವರ ಸೇವೆ. ಘಟ್ಟದ ಕೆಳಗಿನ ಒಂದು ವಿಮಾನ ನಿಲ್ದಾಣದಲ್ಲಿ ಮಳೆನೀರಿನ ಚರಂಡಿ, ಕಲ್ವರ್ಟು ಮತ್ತು ಸುತ್ತುಗೋಡೆಯ ಕೆಲಸವನ್ನು ಉಪಗುತ್ತಿಗೆಯಾಗಿ ನಾವು ಹಿಡಿದಾಗ, ಈ ಸೇವೆಯನ್ನು ಆರಂಭದಿಂದ ಕೊನೆಯ ಬಿಲ್ಲಿನವರೆಗೂ ಬಳಸಿಕೊಂಡೆವು. ಒಪ್ಪಂದದಲ್ಲಿ ಗೋಪ್ಯತೆಯ ಷರತ್ತು ಇರುವುದರಿಂದ ಕಚೇರಿಯ ಹೆಸರನ್ನಾಗಲಿ ನಿಲ್ದಾಣದ ಹೆಸರನ್ನಾಗಲಿ ಇಲ್ಲಿ ಬರೆಯುವಂತಿಲ್ಲ. ಆದರೆ ಇಂತಹ ಸೇವೆಯಿಂದ ಏನನ್ನು ನಿರೀಕ್ಷಿಸಬಹುದು, ಏನನ್ನು ನಿರೀಕ್ಷಿಸಬಾರದು ಎಂಬುದು ಜಿಲ್ಲೆಯ ಇತರ ಗುತ್ತಿಗೆದಾರರಿಗೆ ತಿಳಿದಿರಬೇಕೆಂದು ಇದನ್ನು ಬರೆಯುತ್ತಿದ್ದೇನೆ. ಕೂಡಿಗೆಯಲ್ಲಿ ಕಿರು ವಿಮಾನ ನಿಲ್ದಾಣದ ಪ್ರಸ್ತಾಪ ಆಗಾಗ ಚರ್ಚೆಗೆ ಬರುತ್ತಲೇ ಇದೆ. ಅಂತಹ ಕೆಲಸ ನಮ್ಮವರ ಕೈಗೆ ಬರುವ ದಿನಕ್ಕೆ ಈ ತಿಳಿವಳಿಕೆ ಬೇಕಾಗುತ್ತದೆ.

ವಿಮಾನ ನಿಲ್ದಾಣದ ಖರ್ಚು ಏರಿತು ಎಂದ ಕೂಡಲೇ ನಾವೆಲ್ಲ ಸಿಮೆಂಟು, ಕಬ್ಬಿಣದ ದರವನ್ನೇ ನೆನೆಯುತ್ತೇವೆ. ಮೊದಲ ಸಭೆಯಲ್ಲಿ ಕಚೇರಿಯ ಹಿರಿಯ ಎಂಜಿನಿಯರು ನಮ್ಮ ಮುಂದಿಟ್ಟಿದ್ದು ಶಿವಮೊಗ್ಗದ ಉದಾಹರಣೆ. 2020ರ ಜೂನ್‌ನಲ್ಲಿ ಶಂಕುಸ್ಥಾಪನೆಯಾದಾಗ ಅದರ ಅಂದಾಜು ಸುಮಾರು 220 ಕೋಟಿ ರೂಪಾಯಿ. 2023ರ ಫೆಬ್ರುವರಿ 27ರಂದು ಉದ್ಘಾಟನೆಯಾಗುವ ಹೊತ್ತಿಗೆ ವೆಚ್ಚ ಸುಮಾರು 450 ಕೋಟಿ. ಹೊರಗಿನಿಂದ ನೋಡಿದವರಿಗೆ ಖರ್ಚು ಇಮ್ಮಡಿಯಾದಂತೆ ಕಾಣುತ್ತದೆ. ಆದರೆ ಸಣ್ಣ ಎಟಿಆರ್ ವಿಮಾನಗಳಿಗೆಂದು ಯೋಚಿಸಿದ್ದ ನಿಲ್ದಾಣವನ್ನು ಏರ್‌ಬಸ್ ಇಳಿಯುವಂತೆ ಬದಲಿಸಿ, ರನ್‌ವೇಯನ್ನು 3,200 ಮೀಟರಿಗೆ ಉದ್ದ ಮಾಡಿದ್ದು ಈ ಏರಿಕೆಯ ದೊಡ್ಡ ಕಾರಣ. ಅಂದರೆ ಅಲ್ಲಿ ಮುಖ್ಯವಾಗಿ ಹೆಚ್ಚಿದ್ದು ಕೆಲಸದ ವ್ಯಾಪ್ತಿ. ದರ ಏರಿದ್ದು, ಪ್ರಮಾಣ ಹೆಚ್ಚಿದ್ದು, ವ್ಯಾಪ್ತಿ ಬದಲಾದದ್ದು, ಕಾನೂನು ಬದಲಾದದ್ದು, ಕೆಲಸ ತಡವಾದದ್ದು ಎಂಬ ಐದು ಕಾರಣಗಳನ್ನು ಒಂದೇ ಪತ್ರದಲ್ಲಿ ಬೆರೆಸಿ ‘ನಷ್ಟವಾಗಿದೆ, ಪರಿಹಾರ ಕೊಡಿ’ ಎಂದು ಬರೆದರೆ ಯಾವ ಎಂಜಿನಿಯರೂ ಸಹಿ ಹಾಕುವುದಿಲ್ಲ, ಏಕೆಂದರೆ ಒಂದೊಂದಕ್ಕೂ ಒಪ್ಪಂದದಲ್ಲಿ ಬೇರೆ ಬೇರೆ ಕಲಮು, ಬೇರೆ ಬೇರೆ ಪುರಾವೆ, ಬೇರೆ ಬೇರೆ ಗಡುವು ಇರುತ್ತದೆ. ಈ ಕಚೇರಿಯ ಇಡೀ ವಿಧಾನ ನಿಂತಿರುವುದು ಈ ವಿಂಗಡಣೆಯ ಮೇಲೆ. ನನ್ನ ಅಭಿಪ್ರಾಯದಲ್ಲಿ ಅವರಿಗೆ ಕೊಟ್ಟ ಶುಲ್ಕಕ್ಕೆ ತಕ್ಕ ಬೆಲೆ ಸಿಗುವುದೂ ಇಲ್ಲಿಯೇ.

ವಿಂಗಡಣೆ ನಿವೇಶನದಲ್ಲಿ ಹೇಗೆ ನಡೆಯಿತೆಂಬುದಕ್ಕೆ ಒಂದು ಪ್ರಸಂಗ ಹೇಳುತ್ತೇನೆ. ಚರಂಡಿಯ ಒಂದು ಭಾಗದಲ್ಲಿ ಕೆಂಪುಕಲ್ಲಿನ ಪದರ ಕಡಿದು ಕೆಳಗಿಳಿದಾಗ ಬಿಳಿ-ಗುಲಾಬಿ ಬಣ್ಣದ ಶೇಡಿ ಮಣ್ಣು ಸಿಕ್ಕಿತು. ಒಣಗಿದ್ದಾಗ ಗಟ್ಟಿಯಾಗಿ ಕಾಣುವ ಈ ಮಣ್ಣು ನೀರು ಸೋಕಿದರೆ ಬಲ ಕಳೆದುಕೊಂಡು ಜಾರುತ್ತದೆ. ಅದರ ಮೇಲೆ ನೇರವಾಗಿ ಕಾಂಕ್ರೀಟ್ ಹಾಕುವಂತಿಲ್ಲ. ಟೆಂಡರ್ ಜೊತೆ ಕೊಟ್ಟಿದ್ದ, ನೆಲ ಕೊರೆದು ಮಣ್ಣು ಪರೀಕ್ಷಿಸಿದ ಬೋರ್ ವಿವರಗಳಲ್ಲಿ ಆ ಜಾಗದಲ್ಲಿ ಅದರ ಸುಳಿವಿರಲಿಲ್ಲ. ನಮ್ಮ ಮೇಸ್ತ್ರಿಗಳು ಎಂದಿನಂತೆ ಆ ಮಣ್ಣನ್ನು ತೆಗೆಸಿ, ಜಲ್ಲಿ ತುಂಬಿಸಿ ಕೆಲಸ ಮುಂದುವರಿಸಲು ಹೊರಟಿದ್ದರು. ಕಚೇರಿಯ ಯುವ ಎಂಜಿನಿಯರು ಅಂದೇ ಬಂದು ಕೆಲಸ ನಿಲ್ಲಿಸಿ, ‘ಸರ್, ಮುಚ್ಚಿದ ಮೇಲೆ ಇದನ್ನು ಯಾರೂ ನಂಬುವುದಿಲ್ಲ’ ಎಂದರು. ಗುಂಡಿಯ ಬದಿಗೆ ಅಳತೆಪಟ್ಟಿ ಹಿಡಿದು ಪದರದ ಆಳ ಕಾಣುವಂತೆ ಫೋಟೊ ತೆಗೆದರು. ಚೈನೇಜ್ (ಚರಂಡಿಯ ಆರಂಭದಿಂದ ಆ ಜಾಗಕ್ಕಿರುವ ದೂರ), ಮಟ್ಟ, ತೆಗೆದ ಮಣ್ಣಿನ ಘನ ಅಳತೆ, ದುಡಿದ ಯಂತ್ರಗಳು, ಅವುಗಳ ಗಂಟೆಗಳನ್ನು ಒಂದೇ ಹಾಳೆಯಲ್ಲಿ ಬರೆದು, ಮುಖ್ಯ ಗುತ್ತಿಗೆದಾರರ ಎಂಜಿನಿಯರನ್ನು ಕರೆಸಿ, ಒಪ್ಪಿಗೆಯ ಸಹಿ ಸಿಗದಿದ್ದರೂ ‘ನೋಡಿದ್ದೇನೆ’ ಎಂಬ ಒಕ್ಕಣೆಯೊಂದಿಗಾದರೂ ಸಹಿ ಪಡೆದರು. ಸಂಜೆಯೊಳಗೆ, ಇದಕ್ಕೆ ಹೆಚ್ಚುವರಿ ಹಣ ಕೇಳುತ್ತೇವೆಂಬ ನೋಟಿಸ್ ಮುಖ್ಯ ಗುತ್ತಿಗೆದಾರರಿಗೆ ಹೋಯಿತು. ಮುಂದೆ ಚರ್ಚೆ ಬಹಳ ನಡೆದರೂ, ಆ ಮಣ್ಣು ಅಲ್ಲಿ ಇತ್ತೇ ಎಂಬ ಪ್ರಶ್ನೆಯನ್ನು ಯಾರೂ ಎತ್ತಲಿಲ್ಲ. ಮಾತು ದರದ ಬಗ್ಗೆ ಮಾತ್ರ ಉಳಿಯಿತು.

ನೋಟಿಸಿನ ವಿಷಯದಲ್ಲಿ ಅವರ ಕಟ್ಟುನಿಟ್ಟು ಅನಗತ್ಯವೆಂದು ಮೊದಲು ನಮ್ಮ ಲೆಕ್ಕಪತ್ರ ವಿಭಾಗದವರು ಗೊಣಗಿದ್ದುಂಟು. ಸಲಹಾ ಎಂಜಿನಿಯರುಗಳ ಅಂತರರಾಷ್ಟ್ರೀಯ ಒಕ್ಕೂಟವಾದ ಫಿಡಿಕ್ ರೂಪಿಸಿದ ಮಾದರಿಯ ಒಪ್ಪಂದಗಳಲ್ಲಿ, ಹೆಚ್ಚುವರಿ ಹಣ ಅಥವಾ ಕಾಲಾವಕಾಶ ಕೇಳಲು ಕಾರಣವಾದ ಸಂಗತಿ ತಿಳಿದ 28 ದಿನಗಳೊಳಗೆ ನೋಟಿಸ್ ಕೊಡಬೇಕು; 2017ರ ಆವೃತ್ತಿಯಂತೆ ಪೂರ್ಣ ವಿವರ ಸಲ್ಲಿಸಲು 84 ದಿನಗಳಿವೆ. ಗಡುವು ಮೀರಿದರೆ ನ್ಯಾಯವಾದ ಹಣವೂ ಕೈತಪ್ಪಬಹುದು. ಉಪಗುತ್ತಿಗೆಯಲ್ಲಿ ಈ ಅವಧಿ ಇನ್ನೂ ಕಿರಿದು, ಏಕೆಂದರೆ ಮುಖ್ಯ ಗುತ್ತಿಗೆದಾರರು ನಮ್ಮ ಪತ್ರವನ್ನು ತಮ್ಮ ಗಡುವಿನೊಳಗೆ ಮೇಲಕ್ಕೆ ಕಳುಹಿಸಬೇಕು. ಮನೆ, ಗೋದಾಮು, ಎಸ್ಟೇಟ್ ರಸ್ತೆಗಳ ಕೆಲಸದಲ್ಲಿ ಬಾಯಿಮಾತಿನ ಮೇಲೆ ವರ್ಷಗಟ್ಟಲೆ ನಡೆದುಕೊಂಡು ಬಂದಿರುವ ನಮ್ಮ ಕಡೆಯ ಗುತ್ತಿಗೆದಾರರು ಮೊದಲು ಕಲಿಯಬೇಕಾದದ್ದು ಇದನ್ನೇ ಎಂದು ನಾನು ಬಲವಾಗಿ ನಂಬುತ್ತೇನೆ.

ದರ ವ್ಯತ್ಯಾಸದ ಲೆಕ್ಕವನ್ನೂ, ಅಂದರೆ ಸಾಮಗ್ರಿಯ ಬೆಲೆ ಸೂಚ್ಯಂಕ ಏರಿಳಿದಂತೆ ಬಿಲ್ಲಿನ ಮೊತ್ತವನ್ನು ಹೊಂದಿಸುವ ಲೆಕ್ಕವನ್ನೂ, ಅವರು ಚೆನ್ನಾಗಿ ಮಾಡುತ್ತಾರೆ. ತಿಳಿಯಲೆಂದು ಒಂದು ಸರಳ ಲೆಕ್ಕ ಕೊಡುತ್ತೇನೆ: ಒಂದು ಕೋಟಿ ರೂಪಾಯಿಯ ಬಿಲ್ಲಿನಲ್ಲಿ ಕಬ್ಬಿಣದ ಪಾಲು ಶೇ 20 ಎಂದು ಒಪ್ಪಂದ ಹೇಳುತ್ತದೆ, ಸೂಚ್ಯಂಕ ಶೇ 15ರಷ್ಟು ಏರಿದೆ ಎಂದಿಟ್ಟುಕೊಂಡರೆ ವ್ಯತ್ಯಾಸ 3 ಲಕ್ಷ; ಬಿಲ್ಲಿನ ಶೇ 85 ಭಾಗಕ್ಕೆ ಮಾತ್ರ ಹೊಂದಾಣಿಕೆ ಎಂಬ ಷರತ್ತಿದ್ದರೆ ಅದು 2.55 ಲಕ್ಷಕ್ಕೆ ಇಳಿಯುತ್ತದೆ. ನಾವು ಅಂಗಡಿಯಲ್ಲಿ ಎಷ್ಟು ಕೊಟ್ಟೆವು ಎಂಬುದು ಈ ಸೂತ್ರದಲ್ಲಿ ಬರುವುದೇ ಇಲ್ಲ. ಸಗಟು ಬೆಲೆ ಸೂಚ್ಯಂಕ ಮೊದಲು ತಾತ್ಕಾಲಿಕವಾಗಿ ಪ್ರಕಟವಾಗಿ ಆಮೇಲೆ ಅಂತಿಮಗೊಳ್ಳುವುದರಿಂದ, ಹಳೆಯ ಬಿಲ್ಲುಗಳನ್ನು ಮತ್ತೆ ತೆರೆದು ಸರಿಪಡಿಸುವ ಕೆಲಸವನ್ನೂ ಅವರು ತಪ್ಪದೆ ಮಾಡಿದರು. ಇದಕ್ಕಿಂತ ನನಗೆ ಹೆಚ್ಚು ಮೆಚ್ಚುಗೆಯಾದದ್ದು ಅವರ ಪ್ರಾಮಾಣಿಕತೆ. 2022ರ ಆರಂಭದಲ್ಲಿ ಯುಕ್ರೇನ್ ಯುದ್ಧದ ಬೆನ್ನಿಗೆ ಕಬ್ಬಿಣದ ದರ ಏರಿತು. ಮೇ 22ರಂದು ಕೇಂದ್ರ ಸರ್ಕಾರ ಹಲವು ಉಕ್ಕಿನ ಉತ್ಪನ್ನಗಳಿಗೆ ಶೇ 15 ರಫ್ತು ಸುಂಕ ವಿಧಿಸಿದ ಮೇಲೆ ದರ ಇಳಿಯಿತು. ಏರಿದ ತಿಂಗಳುಗಳ ಲೆಕ್ಕವನ್ನಷ್ಟೇ ಕಳುಹಿಸಿ ಇಳಿದ ತಿಂಗಳುಗಳ ಬಗ್ಗೆ ಸುಮ್ಮನಿರುವುದು ಹಲವರ ರೂಢಿ. ಇವರು ಇಳಿಕೆಯಿಂದ ನಾವು ಮರಳಿಸಬೇಕಾದ ಮೊತ್ತವನ್ನೂ ಅದೇ ತಃಖ್ತೆಯಲ್ಲಿ ತಾವಾಗಿಯೇ ತೋರಿಸಿದರು. ಕಾಫಿ ಬೆಳೆಯುವ ನಮ್ಮ ನಾಡಿನವರಿಗೆ ದರದ ಏರಿಳಿತವನ್ನು ಯಾರೂ ವಿವರಿಸಿ ಹೇಳಬೇಕಾಗಿಲ್ಲ. ಆದರೂ ಕೈಗೆ ಬಂದದ್ದನ್ನು ಹಿಂದಿರುಗಿಸುವ ಮಾತು ನಮ್ಮ ಪಾಲುದಾರರಿಗೆ ಹಿಡಿಸಲಿಲ್ಲ. ಫಲ ಮಾತ್ರ ಬೇಗ ಕಾಣಿಸಿತು: ಮುಂದಿನ ಬಿಲ್ಲುಗಳ ಪರಿಶೀಲನೆ ಸಲೀಸಾಯಿತು.

ತೆರಿಗೆಯ ವಿಷಯದಲ್ಲಿ ಅವರ ಟಿಪ್ಪಣಿ ಚಿಕ್ಕದಾದರೂ ಉಪಯುಕ್ತ. ಸರ್ಕಾರಕ್ಕೆ ಮಾಡುವ ಹಲವು ಕಾಮಗಾರಿಗಳ ಜಿಎಸ್‌ಟಿ 2022ರ ಜುಲೈ 18ರಿಂದ ಶೇ 12ರ ಬದಲು ಶೇ 18 ಆಯಿತು. ಸಿಮೆಂಟಿನ ಜಿಎಸ್‌ಟಿ 2025ರ ಸೆಪ್ಟೆಂಬರ್ 22ರಿಂದ ಶೇ 28ರಿಂದ ಶೇ 18ಕ್ಕೆ ಇಳಿಯಿತು. ಇಂತಹ ಬದಲಾವಣೆ ಕಾನೂನು ಬದಲಾವಣೆಯ ಕಲಮಿನಡಿ ಬರಬೇಕೇ ಹೊರತು ದರ ಏರಿಕೆಯ ಪಟ್ಟಿಯಲ್ಲಿ ಅಲ್ಲ.

ಮಳೆಯ ವಿಷಯದಲ್ಲಿ ಅವರು ನಮ್ಮ ಬೇಡಿಕೆಯನ್ನೇ ತಳ್ಳಿಹಾಕಿದರು. ಕುಶಾಲನಗರದ ನಮ್ಮ ಅಂಗಳದಲ್ಲಿ ಎರಕ ಹೊಯ್ದ ಚರಂಡಿ ತುಂಡುಗಳನ್ನು ಘಟ್ಟ ಇಳಿಸಿ ಸಾಗಿಸಬೇಕಿತ್ತು. ಮಳೆಗಾಲದಲ್ಲಿ ಜಿಲ್ಲಾಡಳಿತ ಭಾರಿ ಸರಕು ವಾಹನಗಳಿಗೆ ನಿರ್ಬಂಧ ಹಾಕಿದಾಗ ಸುತ್ತುಬಳಸಿನ ದಾರಿ ಹಿಡಿದು ಬಾಡಿಗೆ ಏರಿತು. ಅದನ್ನು ಕೇಳಬೇಕೆಂದು ನಾವು ಹೇಳಿದರೆ, 2018ರ ಆಗಸ್ಟ್‌ನ ಭೂಕುಸಿತಗಳನ್ನು ಕಂಡ ಮೇಲೆ ಕೊಡಗಿನ ಗುತ್ತಿಗೆದಾರರು ಮಳೆಗಾಲದ ರಸ್ತೆ ನಿರ್ಬಂಧವನ್ನು ಅನಿರೀಕ್ಷಿತವೆಂದು ಹೇಳಲಾಗದು, ಅದು ಟೆಂಡರ್ ದರದೊಳಗೇ ಇರಬೇಕಾದ ಅಪಾಯ ಎಂದು ಬರೆದುಕೊಟ್ಟರು. ಕೇಳಲು ಕಹಿಯಾದರೂ ಆ ಸಲಹೆ ಸರಿಯೇ. ಬದಲಿಗೆ ಮಳೆಗೆ ಮುನ್ನವೇ ತುಂಡುಗಳನ್ನು ಸಾಗಿಸಿ ನಿವೇಶನದಲ್ಲಿ ದಾಸ್ತಾನು ಮಾಡುವ ವೇಳಾಪಟ್ಟಿಯನ್ನು ಅವರು ಹಾಕಿಕೊಟ್ಟರು. ಮುಂದಿನ ಮಳೆಗಾಲದಲ್ಲಿ ಆ ಖರ್ಚು ಬಹುಪಾಲು ತಪ್ಪಿತು.

ಕೊರತೆಗಳೂ ಇವೆ, ಅವು ಸಣ್ಣವಲ್ಲ. ವಿಮಾನಗಳು ಓಡಾಡುತ್ತಿರುವ ನಿಲ್ದಾಣದೊಳಗೆ ಕೆಲಸ ಮಾಡುವುದೆಂದರೆ ಹೊರಗಿನ ರಸ್ತೆ ಕೆಲಸದಂತಲ್ಲ. ರನ್‌ವೇ ಬಳಿಯ ಕೆಲಸ ಕೊನೆಯ ವಿಮಾನ ಹೋದ ಮೇಲೆಯೇ ಶುರುವಾಗಬೇಕು, ಮೊದಲ ವಿಮಾನಕ್ಕೆ ಮುನ್ನ ಯಂತ್ರಗಳನ್ನೆಲ್ಲ ಹೊರತೆಗೆದು, ಒಂದು ಮೊಳೆಯಾಗಲಿ ಜಲ್ಲಿಯಾಗಲಿ ಉಳಿಯದಂತೆ ಗುಡಿಸಿ ಒಪ್ಪಿಸಬೇಕು. ಪ್ರತಿ ಕಾರ್ಮಿಕರಿಗೂ ಪ್ರವೇಶ ಪಾಸು ಬೇಕು. ಪಾಸು ತಡವಾದರೆ ಕೂಲಿ ಕೊಟ್ಟು ಕೂರಿಸಬೇಕು. ಹೀಗೆ ಕರಗುವ ಗಂಟೆಗಳನ್ನು ಹಣವಾಗಿ ಲೆಕ್ಕ ಹಾಕುವ ಕ್ರಮ ಈ ಕಚೇರಿಯಲ್ಲಿ ಇನ್ನೂ ಬೆಳೆದಿಲ್ಲ. ರಾತ್ರಿ ಪಾಳಿಯ ಹಾಜರಿ ಇಟ್ಟರೇ ಹೊರತು, ಅಡಚಣೆಯಿಲ್ಲದ ರಾತ್ರಿ ಎಷ್ಟು ಮೀಟರ್ ಕೆಲಸ ಸಾಗಿತು, ಅಡಚಣೆಯಾದ ರಾತ್ರಿ ಎಷ್ಟು ಎಂಬ ಹೋಲಿಕೆಯನ್ನು ಇಡಲಿಲ್ಲ. ಆ ಹೋಲಿಕೆ ಇಲ್ಲದ ಬೇಡಿಕೆ ನಿಲ್ಲುವುದಿಲ್ಲ, ನಮ್ಮದೂ ನಿಲ್ಲಲಿಲ್ಲ. ಇಡೀ ಕಾಮಗಾರಿಯಲ್ಲಿ ನಮಗೆ ಹೆಚ್ಚು ಪೆಟ್ಟು ಬಿದ್ದದ್ದು ಇಲ್ಲಿಯೇ.

ಎರಡನೆಯ ಕೊರತೆ ಭಾಷೆಯದು. ಮಾಸಿಕ ವರದಿ ಪೂರ್ತಿ ಇಂಗ್ಲಿಷಿನಲ್ಲಿ ಬರುತ್ತದೆ. ಮೇಲೆ ಕಳುಹಿಸುವ ಪತ್ರಗಳಿಗೆ ಅದು ಬೇಕು, ಒಪ್ಪೋಣ. ಆದರೆ ಬದಲಾವಣೆಯನ್ನು ಮೊದಲು ಕಣ್ಣಾರೆ ಕಾಣುವವರು ಮೇಸ್ತ್ರಿಗಳು, ಸೂಪರ್‌ವೈಸರುಗಳು. ಅವರು ತುಂಬಬೇಕಾದ ನಮೂನೆ ಕನ್ನಡದಲ್ಲಿ ಇರಬೇಕೆಂದು ನಾವು ಪಟ್ಟು ಹಿಡಿದ ಮೇಲೆ ಒಂದು ಪುಟದ ಹಾಳೆ ಸಿದ್ಧವಾಯಿತು. ಅದು ಬಂದ ಮೇಲೆಯೇ ನಿವೇಶನದಿಂದ ಸುದ್ದಿ ಅಂದಂದೇ ಕಚೇರಿಗೆ ತಲುಪತೊಡಗಿತು. ಇಂತಹ ಹಾಳೆಯನ್ನು ಗ್ರಾಹಕರು ಕೇಳುವ ಮೊದಲೇ ಅವರು ಕೊಡಬೇಕಿತ್ತು.

ಶುಲ್ಕದ ಬಗ್ಗೆ ಹೇಳುವುದಾದರೆ, ತಿಂಗಳ ನಿಗದಿತ ಮೊತ್ತ ಅಥವಾ ಮಂಜೂರಾದ ಹೆಚ್ಚುವರಿ ಹಣದಲ್ಲಿ ಪಾಲು ಎಂಬ ಎರಡು ಆಯ್ಕೆಗಳನ್ನು ಅವರು ಕೊಡುತ್ತಾರೆ. ನಾವು ಮೊದಲನೆಯದನ್ನು ಆರಿಸಿಕೊಂಡೆವು. ಪಾಲಿನ ಲೆಕ್ಕದಲ್ಲಿ ದುಡಿಯುವವರಿಗೆ ಬೇಡಿಕೆಯನ್ನು ಹಿಗ್ಗಿಸುವ ಆಸೆ ಸಹಜ. ದರ ಇಳಿದ ತಿಂಗಳನ್ನು ತೋರಿಸಿ ಎಂದೋ, ಮಳೆಯ ಖರ್ಚು ಕೇಳಬೇಡಿ ಎಂದೋ ಅವರು ಹೇಳುವುದು ಕಷ್ಟ. ಕೆಲಸ ಸಣ್ಣದಿದ್ದರೆ ತಿಂಗಳ ಶುಲ್ಕ ಭಾರವಾಗುತ್ತದೆ, ಹಾಗಾಗಿ ಒಂದೇ ಹಂಗಾಮಿನಲ್ಲಿ ಮುಗಿಯುವ ಕಾಮಗಾರಿಗೆ ಈ ಸೇವೆಯನ್ನು ನಾನು ಶಿಫಾರಸು ಮಾಡುವುದಿಲ್ಲ. ಎರಡು ಮಳೆಗಾಲ ದಾಟುವ, ದರ ವ್ಯತ್ಯಾಸದ ಕಲಮು ಇರುವ ಕಾಮಗಾರಿಯಾದರೆ ಟೆಂಡರ್ ಹಾಕುವ ಮೊದಲೇ ಅವರನ್ನು ಕಾಣಿರಿ, ಮತ್ತು ರಾತ್ರಿ ಪಾಳಿಯ ಉತ್ಪಾದಕತೆಯ ದಾಖಲೆಯನ್ನು ಸೇವಾ ಒಪ್ಪಂದದಲ್ಲಿಯೇ ಬರೆಸಿಕೊಳ್ಳಿರಿ.