ಅಗ್ಗದ ಲ್ಯಾಪ್‌ಟಾಪ್ ತಗೊಳೋರು ದುಡ್ಡು ಕೊಡೋಕ್ ಮುಂಚೆ ಇದನ್ನ ನೋಡ್ಕೊಳ್ಳಿ

ಅಕ್ಕನ ಮಗಳು ಮಂಡ್ಯದಲ್ಲಿ ಬಿಕಾಂ ಓದ್ತಾಳೆ, ಲೆಕ್ಕಪತ್ರದ ಸಾಫ್ಟ್‌ವೇರ್ ಟ್ಯಾಲಿ ಕಲೀಬೇಕು ಅಂತ ಭಾವ ಮೈಸೂರಿಗೆ ಹೋಗಿ ಒಂದು ಚಿಕ್ಕ ಲ್ಯಾಪ್‌ಟಾಪ್ ತಂದ್ರು. 4 ಜಿಬಿ ರ‍್ಯಾಮ್, 64 ಜಿಬಿ ಇಎಂಎಂಸಿ, ಅಂದ್ರೆ ವಿಂಡೋಸು, ಫೈಲು ಎಲ್ಲಾ ಕೂರೋ ಮೆಮೊರಿ ಚಿಪ್. ಅಂಗಡಿಯವನು "ಸಾರ್, ವಿಂಡೋಸ್ 11 ಒಳಗೇ ಐತೆ, ಆರಾಮಾಗಿ ತಗೊಂಡೋಗಿ" ಅಂದಿದಾನೆ. ಐತೆ, ಸುಳ್ಳೇನಲ್ಲ, ಆದ್ರೆ ಯಾವ ವಿಂಡೋಸ್ ಅನ್ನೋದನ್ನ ಮಾತ್ರ ಹೇಳಿಲ್ಲ.

ಅದು ಎಸ್ ಮೋಡ್. ಅಂದ್ರೆ ಮೈಕ್ರೋಸಾಫ್ಟ್ ಸ್ಟೋರ್‌ನಲ್ಲಿರೋ ಆಪ್ ಬಿಟ್ಟು ಹೊರಗಿಂದು ಯಾವ್ದೂ ಹಾಕ್ಕೊಳಕ್ಕಾಗಲ್ಲ. ಟ್ಯಾಲಿ ಸೆಟಪ್ ಒತ್ತಿದ್ರೆ ಬ್ಲಾಕ್, ಕನ್ನಡ ಟೈಪಿಂಗ್‌ಗಿರೋ ನುಡಿ ಸಾಫ್ಟ್‌ವೇರ್ ಹಾಕಕ್ ಹೋದ್ರೂ ಅದೇ. ವಾಪಸ್ ತಗೊಂಡೋದ್ರೆ "ಲಾಕ್ ತೆಗೀಬೇಕು, 1,500 ಆಗುತ್ತೆ" ಅಂತೆ! ಸ್ವಾಮಿ, ಅದು ಪುಕ್ಕಟೆ. ಸೆಟ್ಟಿಂಗ್ಸ್, ಸಿಸ್ಟಮ್, ಆಕ್ಟಿವೇಶನ್‌ಗೆ ಹೋಗಿ, ಅಲ್ಲಿಂದ ಸ್ಟೋರ್‌ಗೆ ಹೋದ್ರೆ ಸ್ವಿಚ್ ಔಟ್ ಪುಟ ಇರುತ್ತೆ, ಅಲ್ಲಿ ಒತ್ತಿದ್ರೆ ಆಯ್ತು. ಒಂದ್ಸಲ ಆಚೆ ಬಂದ್ರೆ ಎಸ್ ಮೋಡ್‌ಗೆ ವಾಪಸ್ ಹೋಗಕ್ಕಾಗಲ್ಲ ಅಷ್ಟೇ, ಹೋಗೋರ್ ಯಾರು ಬಿಡಿ.

ದುಡ್ಡು ಇಸ್ಕೊಂಡು ಅವನು ಅದನ್ನೂ ಮಾಡಿಲ್ಲ. ಇದ್ದ ಒರಿಜಿನಲ್ ವಿಂಡೋಸ್ ಒರೆಸಿ, ಪೆನ್‌ಡ್ರೈವ್‌ನಿಂದ ಕ್ರ್ಯಾಕ್ ಮಾಡಿದ, ಅಂದ್ರೆ ಕಳ್ಳ ಕಾಪಿ, ವಿಂಡೋಸ್ ಪ್ರೊ ತುಂಬಿ ಕೊಟ್ಟಿದಾನೆ, ಆಂಟಿವೈರಸ್ ಆಫ್, ಟಚ್‌ಪ್ಯಾಡ್ ಸತ್ತಿದೆ, ಸೌಂಡೂ ಇಲ್ಲ, ಜೊತೆಗೆ ಬೇಡದ ಸಾಫ್ಟ್‌ವೇರ್ ಒಂದು ರಾಶಿ ತುಂಬ್ಕೊಂಡು ಅಪ್‌ಡೇಟ್ ಬಂದಾಗೆಲ್ಲ ಜಾಗ ಇಲ್ಲ ಅಂತ ನಿಂತ್ಕೊಳೋದು. ಇಎಂಎಂಸಿ ಬೋರ್ಡ್‌ಗೇ ಬೆಸುಗೆ ಆಗಿರುತ್ತೆ, ಎಸ್‌ಎಸ್‌ಡಿ ಥರ ಬಿಚ್ಚಿ ದೊಡ್ಡದು ಹಾಕಕ್ಕಾಗಲ್ಲ. ವಿಂಡೋಸ್ 11ಕ್ಕೆ ಕನಿಷ್ಠ ಬೇಕಾಗಿರೋದೇ 4 ಜಿಬಿ ರ‍್ಯಾಮ್, 64 ಜಿಬಿ ಜಾಗ. ಅದು ಮಷೀನ್ ಆನ್ ಆಗಕ್ಕೆ ಸಾಕು, ಕೆಲಸಕ್ಕಲ್ಲ. 8 ಜಿಬಿ, ಎಸ್‌ಎಸ್‌ಡಿ ಇರೋದು ಸಿಗೋವರೆಗೂ ಕಾಯಿರಿ, ಬೇಕಾದ್ರೆ ಸೆಕೆಂಡ್‌ಹ್ಯಾಂಡೇ ತಗೊಳ್ಳಿ. ಆದ್ರೆ ಹಳೇ ಪ್ರೊಸೆಸರ್ ಆಗಿ ವಿಂಡೋಸ್ 10ರಲ್ಲೇ ನಿಂತಿರೋ ಮಷೀನ್ ತಗೊಳೋಕ್ ಮುಂಚೆ ಯೋಚ್ನೆ ಮಾಡಿ, ಅದರ ಮಾಮೂಲಿ ಸಪೋರ್ಟ್ 2025ರ ಅಕ್ಟೋಬರ್‌ನಲ್ಲೇ ಮುಗೀತು.

ಟ್ಯಾಲಿ ಬೇಡ, ಬರೀ ಬ್ರೌಸರ್, ಪಿಡಿಎಫ್, ಟೈಪಿಂಗ್ ಅನ್ನೋರು ವಿಂಡೋಸ್ ಬದಲು ಪುಕ್ಕಟೆ ಸಿಗೋ ಲಿನಕ್ಸ್ ಮಿಂಟ್‌ನ ಎಕ್ಸ್‌ಎಫ್‌ಸಿಇ ಆವೃತ್ತಿ ಹಾಕ್ಕೊಳ್ಳಿ, ಇಂಥ ಮಷೀನ್ ಮೇಲೂ ಹಗುರ. ಕೀಬೋರ್ಡ್ ಸೆಟ್ಟಿಂಗ್‌ನಲ್ಲೇ ಕನ್ನಡ ಟೈಪಿಂಗ್‌ನ ಕಗಪ ಲೇಔಟ್ ಸಿಗುತ್ತೆ. ಮೊದ್ಲು ಪೆನ್‌ಡ್ರೈವ್‌ನಿಂದಲೇ ಓಡ್ಸಿ ವೈಫೈ, ಸೌಂಡ್ ಬರುತ್ತಾ ನೋಡಿ, ಆಮೇಲೆ ಇನ್‌ಸ್ಟಾಲ್. ಕ್ರೋಮ್‌ಬುಕ್ (ವಿಂಡೋಸ್ ಬದಲು ಗೂಗಲ್‌ನ ಕ್ರೋಮ್ ಓಎಸ್ ಇರೋ ಲ್ಯಾಪ್‌ಟಾಪ್) ಆದ್ರೆ ಅಪ್‌ಡೇಟ್ ಯಾವತ್ತಿಗೆ ನಿಲ್ಲುತ್ತೆ ಅಂತ ಆ ಮಾಡೆಲ್ ಹೆಸರು ಹಾಕಿ ಹುಡುಕಿ, ಅದು ನೀವು ಕೊಂಡ ದಿನದಿಂದ ಲೆಕ್ಕ ಅಲ್ಲ.

ನಮ್ ಹುಡುಗೀಗೆ ಟ್ಯಾಲಿ ಬೇಕೇ ಬೇಕು, ಅದು ವಿಂಡೋಸ್‌ಗೇ ಬರೋದು. ಕಂಪನಿ ಹಾಕಿದ ವಿಂಡೋಸ್ ಲೈಸೆನ್ಸ್ ಕೀ ಮದರ್‌ಬೋರ್ಡ್‌ನಲ್ಲೇ ಇತ್ತು, ಮೈಕ್ರೋಸಾಫ್ಟ್ ಸೈಟಿಂದಲೇ ಪೆನ್‌ಡ್ರೈವ್ ಮಾಡ್ಕೊಂಡು ವಿಂಡೋಸ್ ಹೋಮ್ ಹಾಕಿದ್ವಿ, ತಾನಾಗೇ ಆಕ್ಟಿವೇಟ್ ಆಯ್ತು, ಟಚ್‌ಪ್ಯಾಡ್, ಸೌಂಡ್ ನಡೆಯೋಕ್ ಬೇಕಾದ ಡ್ರೈವರ್‌ನ ಲ್ಯಾಪ್‌ಟಾಪ್ ಮಾಡೆಲ್ ನಂಬರ್ ಹಾಕಿ ಇಳಿಸ್ಕೊಂಡ್ವಿ. ಈಗ ಟ್ಯಾಲಿ ನಡೀತಿದೆ, ಜೊತೆಗೆ ಕ್ರೋಮ್ ತೆಗೆದ್ರೆ ಮಾತ್ರ ಏದುಸಿರು. ಆ 1,500 ಇನ್ನೂ ವಾಪಸ್ ಬಂದಿಲ್ಲ, ಬಿಲ್‌ನಲ್ಲಿ "ಸಾಫ್ಟ್‌ವೇರ್ ಸರ್ವಿಸ್" ಅಂತ ಬರೆದು ಸೀಲ್ ಬೇರೆ ಹೊಡೆದಿದಾನೆ.